ಸಹಾಯ ಬೇಕು: ದಿವಾಳಿ ಅರ್ಜಿ ಹಾಕದೆ ಕಂಪನಿ ಮುಚ್ಚುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ, ಲೇತ್ ಜಾಬ್‌ವರ್ಕ್. ಆರ್ಡರ್ ನಿಂತು ಎಂಟು ತಿಂಗಳಾಯ್ತು. ಹುಡುಗರ ಸಂಬಳ ಪೂರ್ತಿ ಚುಕ್ತಾ ಮಾಡಿದ್ದೇನೆ, ಅದಕ್ಕೆ ಹೆಂಡತಿಯ ಬಳೆ ಅಡ ಇಟ್ಟೆ. ಉಳಿದಿರುವುದು ಬ್ಯಾಂಕಿನ 18 ಲಕ್ಷ ಸಾಲ.

ಎಸ್‌ಟಿಕೆ-2 ಅನ್ನೋ ಅರ್ಜಿ ಹಾಕಿ ಸರ್ಕಾರಿ ನೋಂದಣಿಯಿಂದ ಕಂಪನಿ ಹೆಸರು ತೆಗೆಸಬಹುದು, ಆದರೆ ಮೊದಲು ಸಾಲ ತೀರಬೇಕು ಅಂತ ಆಡಿಟರ್ ಹೇಳಿದರು. ಬ್ಯಾಂಕಲ್ಲಿ ಒಟಿಎಸ್ (ಕಡಿಮೆ ಮೊತ್ತಕ್ಕೆ ಒಂದೇ ಸಲ ಸಾಲ ಚುಕ್ತಾ) ಕೇಳಿದೆ. ಖಾತೆ ಇನ್ನೂ ಎನ್‌ಪಿಎ (ಕಂತು ಬಾಕಿ ಬಿದ್ದ ಕೆಟ್ಟ ಸಾಲ) ಆಗಿಲ್ಲ, ಈಗ ಆಗಲ್ಲ ಅಂದರು. ಬೇಕಂತಲೇ ಕಂತು ನಿಲ್ಲಿಸಲು ನನಗೆ ಮನಸ್ಸಿಲ್ಲ. ಮಷಿನ್‌ಗಳು ಬ್ಯಾಂಕಿಗೆ ಅಡವಾಗಿವೆ, ಸುಮ್ನೆ ಮಾರುವ ಹಾಗಿಲ್ಲ. ಮಾರಿದರೂ 11 ಲಕ್ಷ ಬಂದರೆ ಜಾಸ್ತಿ. ಸಾಲಕ್ಕೆ ನನ್ನದೇ ಜಾಮೀನು, ಮನೆಗೆ ಕುತ್ತು ಬರುತ್ತಾ ಅನ್ನೋ ಭಯ.

ಬ್ಯಾಂಕಿನ ಒಪ್ಪಿಗೆ ಪಡೆದು ಮೊದಲು ಮಷಿನ್ ಮಾರಿ, ಉಳಿದ 7 ಲಕ್ಷಕ್ಕೆ ಹೊಸ ಕಂತು ಮಾಡಿಸಿಕೊಳ್ಳಲಾ? ಅಥವಾ ಒಟಿಎಸ್‌ಗೇ ಕಾಯಲಾ? ಹೀಗೆ ಮುಚ್ಚಿದವರು ಜಾಮೀನು ಬಿಡುಗಡೆ ಪತ್ರವನ್ನು ಯಾವ ಹಂತದಲ್ಲಿ ಬರೆಸಿಕೊಂಡಿರಿ?