ಎರಡು ಎಂಟು, ಒಂದು ಎಕ್ಕ: ಯಾವುದನ್ನು ಹಿಡಿಯಬೇಕು?

ಪ್ರಶ್ನೆ: ವಿಡಿಯೋ ಪೋಕರ್ ಕಲಿಯುತ್ತಿದ್ದೇನೆ, ಸುಮ್ನೆ ಫೋನಿನಲ್ಲಿ, ದುಡ್ಡಿಲ್ಲದೆ. ಐದು ಎಲೆ ಬರುತ್ತವೆ, ಬೇಕಾದ್ದನ್ನು ಹಿಡಿದು ಉಳಿದದ್ದನ್ನು ಒಂದು ಸಲ ಬದಲಿಸಬಹುದು. ಆಟ ಜಾಕ್ಸ್ ಆರ್ ಬೆಟರ್, ಅಂದರೆ ಜಾಕಿ ಜೋಡಿ ಅಥವಾ ಅದಕ್ಕಿಂತ ಒಳ್ಳೆಯ ಕೈಗೆ ಮಾತ್ರ ನಾಣ್ಯ ಸಿಗುತ್ತದೆ. ನಿನ್ನೆ ಎರಡು ಎಂಟು, ಒಂದು ಎಕ್ಕ, ಒಂದು ಮೂರು, ಒಂದು ಆರು ಬಂದವು. ಎಂಟರ ಜೋಡಿ ಜೊತೆ ಎಕ್ಕವನ್ನೂ ಹಿಡಿದೆ. ಇನ್ನೊಂದು ಎಕ್ಕ ಬಂತು, ಎರಡು ಜೋಡಿ ಆಯಿತು! ಆದರೂ ಗೆಳೆಯ ‘ಎಕ್ಕ ಹಿಡಿದದ್ದೇ ತಪ್ಪು’ ಅಂತಾನೆ. ಗೆದ್ದ ಮೇಲೂ ತಪ್ಪು ಹೇಗೆ?

ಉತ್ತರ: ಗೆಳೆಯ ಹೇಳಿದ್ದು ಸರಿ. ಇಂಥ ಆಟಗಳ ಲೆಕ್ಕ ಹಾಕುವುದೇ ನನ್ನ ಕೆಲಸ, ಈ ಎಕ್ಕದ ಆಸೆ ಎಲ್ಲರಿಗೂ ಇರುತ್ತದೆ. ಟೇಬಲ್‌ನಲ್ಲಿ ಆಡುವಾಗ ಜೋಡಿ ಸಮ ಆದರೆ ಪಕ್ಕದ ದೊಡ್ಡ ಎಲೆ ಗೆಲ್ಲಿಸುತ್ತದೆ. ಇಲ್ಲಿ ಎದುರಾಳಿಯೇ ಇಲ್ಲ. ಯಂತ್ರ ನೋಡುವುದು ಪೇ ಟೇಬಲ್ ಮಾತ್ರ, ಅಂದರೆ ಯಾವ ಕೈಗೆ ಎಷ್ಟು ನಾಣ್ಯ ಎಂಬ ಪಟ್ಟಿ.

ಎಕ್ಕ ಹಿಡಿದರೆ ಎಳೆಯುವುದು ಎರಡೇ ಎಲೆ. ಉಳಿದ 47 ಎಲೆಗಳಲ್ಲಿ ಅದಕ್ಕೆ 1,081 ದಾರಿ. ಅವುಗಳಲ್ಲಿ ಮೂರು ಎಂಟು ಅಥವಾ ಅದಕ್ಕಿಂತ ಒಳ್ಳೆಯ ಕೈ ಆಗುವುದು 94ರಲ್ಲಿ, ಅಂದರೆ ಶೇ. 8.7. ಜೋಡಿ ಮಾತ್ರ ಹಿಡಿದು ಮೂರು ಎಳೆದರೆ ಶೇ. 12.7. ಎರಡು ಜೋಡಿ ಆಗುವ ಸಾಧ್ಯತೆ ಎಕ್ಕ ಹಿಡಿದಾಗ ಚೂರು ಜಾಸ್ತಿ, ನಿಮ್ಮನ್ನು ಮೋಸಗೊಳಿಸಿದ್ದು ಅದೇ. ಒಟ್ಟು ಸರಾಸರಿ ನೋಡಿ: ಒಂದು ನಾಣ್ಯಕ್ಕೆ ಜೋಡಿ 0.82 ತರುತ್ತದೆ, ಜೋಡಿ ಜೊತೆ ಎಕ್ಕ 0.68.

ಇದೆಲ್ಲ ಒಂದೇ ಥರದ ಮೂರು ಎಲೆ ಮತ್ತು ಒಂದು ಜೋಡಿ ಸೇರಿದ ಫುಲ್ ಹೌಸ್‌ಗೆ 9, ಐದೂ ಎಲೆ ಒಂದೇ ಗುರುತಿನವಾದ ಫ್ಲಶ್‌ಗೆ 6 ಕೊಡುವ ‘ನೈನ್-ಸಿಕ್ಸ್’ ಪೇ ಟೇಬಲ್ ಲೆಕ್ಕ.

ಪ್ರಶ್ನೆ: ಹಾಗಾದರೆ ಜೋಡಿಯನ್ನು ಯಾವತ್ತೂ ಬಿಡಬಾರದಾ? ಎರಡು ಐದು, ಅವುಗಳಲ್ಲಿ ಒಂದು ಸೇರಿ ಒಟ್ಟು ನಾಲ್ಕು ಎಲೆ ಆಟೀನು ಬಂದಾಗ ತಲೆ ಕೆಡುತ್ತದೆ.

ಉತ್ತರ: ಐದರ ಜೋಡಿ ಬಿಡಿ, ನಾಲ್ಕು ಆಟೀನು ಹಿಡಿಯಿರಿ. ಇನ್ನೂ 9 ಆಟೀನು ಉಳಿದಿವೆ, ಫ್ಲಶ್‌ಗೆ 6. 47ರಿಂದ ಭಾಗಿಸಿದರೆ 1.15. ಸಣ್ಣ ಜೋಡಿಯ 0.82ಕ್ಕಿಂತ ಮೇಲೆ. ಅದೇ ಜೋಡಿ ರಾಣಿಯದ್ದಾದರೆ ಮುರಿಯಬೇಡಿ, ಅದರ ಬೆಲೆ 1.54. ಇನ್ನು 5-6-7-8 ಥರ ಎರಡೂ ಕಡೆ ತೆರೆದ ಸ್ಟ್ರೈಟ್ (ಸಾಲಾಗಿ ಐದು ಎಲೆ) ಆಸೆಯ ಎದುರು ಸಣ್ಣ ಜೋಡಿಯೇ ಮೇಲು.

ಇನ್ನೊಬ್ಬರ ಪ್ರಶ್ನೆ: ಆಟೀನಿನ 10, ಜಾಕಿ, ರಾಣಿ, ರಾಜ, ಜೊತೆಗೆ ಆಟೀನಿನದೇ ನಾಲ್ಕು. ಕೈಯಲ್ಲಿ ಕಟ್ಟಿದ ಫ್ಲಶ್ ಇದೆ. ಮುರಿಯೋದಾ? ಮನಸ್ಸು ಬರಲ್ಲ.

ಉತ್ತರ: ಮುರಿಯಿರಿ. ಫ್ಲಶ್ ಇಟ್ಟುಕೊಂಡರೆ ಖಚಿತ 6. ನಾಲ್ಕನ್ನು ಎಸೆದರೆ ಆಟೀನಿನ ಎಕ್ಕ ಬರುವುದು 47ರಲ್ಲಿ ಒಂದು ಸಲ, ನಿಜ. ಆದರೆ ಐದು ನಾಣ್ಯ ಹಾಕಿದಾಗ ಒಂದೇ ಗುರುತಿನ 10ರಿಂದ ಎಕ್ಕದವರೆಗಿನ ರಾಯಲ್ ಫ್ಲಶ್‌ಗೆ 4,000, ಅಂದರೆ ನಾಣ್ಯಕ್ಕೆ 800. ಅದೊಂದೇ 17 ಆಯಿತು. ಆಟೀನಿನ 9, ಬೇರೆ ಆಟೀನು, ಸ್ಟ್ರೈಟ್, ದೊಡ್ಡ ಜೋಡಿ ಎಲ್ಲ ಸೇರಿಸಿದರೆ 19.55. ಒಂದೇ ನಾಣ್ಯ ಹಾಕಿದವರಿಗೆ ರಾಯಲ್‌ಗೆ ಬರೀ 250. ಆಗಲೂ 7.85 ಬರುತ್ತದೆ, ಮುರಿಯುವುದೇ ಸರಿ.

ನಾನೇ ಮೊದಮೊದಲು ಹೀಗೆ ಫ್ಲಶ್ ಎಸೆದು ಏನೂ ಸಿಗದೆ ಕೈ ಹಿಸುಕಿಕೊಂಡಿದ್ದೆ.

ಪ್ರಶ್ನೆ: ಎಲ್ಲವನ್ನೂ ಸರಿಯಾಗಿ ಹಿಡಿದರೆ ಯಂತ್ರವನ್ನು ಸೋಲಿಸಬಹುದು, ಅಲ್ವಾ?

ಉತ್ತರ: ಇಲ್ಲ. ನೈನ್-ಸಿಕ್ಸ್‌ನಲ್ಲಿ ಒಂದೂ ತಪ್ಪಿಲ್ಲದೆ ಆಡಿದರೂ ವಾಪಸ್ ಬರುವುದು ಶೇ. 99.54. ಅದರಲ್ಲೂ ಒಂದಿಷ್ಟು ಪಾಲು ರಾಯಲ್‌ನದು, ಅದು ಸುಮಾರು 40,000 ಕೈಗೆ ಒಂದು ಸಲ ಬರುತ್ತದೆ. ಅದೇ ಯಂತ್ರ ಫುಲ್ ಹೌಸ್‌ಗೆ 8, ಫ್ಲಶ್‌ಗೆ 5 ಕೊಟ್ಟರೆ 97.30ಕ್ಕೆ ಇಳಿಯುತ್ತದೆ. ನೀವು ಎಕ್ಕ ಹಿಡಿಯುವುದಕ್ಕೂ ಮೊದಲೇ.