ಬಿವಿಎ ಸೇರಬೇಕು: ಪೇಂಟಿಂಗಾ, ಡಿಜಿಟಲ್ಲಾ? ಕೋಲಾರದ ಕಡೆಯವರು ಯಾರಾದರೂ ಹೇಳಿ

ಮಾವಿನತೋಪು05:

ಎಲ್ಲರಿಗೂ ನಮಸ್ಕಾರ. ನಮ್ಮದು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಈ ವರ್ಷ ಕಾಮರ್ಸ್‌ನಲ್ಲಿ ಸೆಕೆಂಡ್ ಪಿಯುಸಿ ಮುಗಿಯಿತು. ಚಿಕ್ಕ ವಯಸ್ಸಿನಿಂದ ಚಿತ್ರ ಬಿಡಿಸುತ್ತೇನೆ. ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸಾಗಿದೆ. ಎರಡು ವರ್ಷದಿಂದ ಮೊಬೈಲ್‌ನಲ್ಲಿ ಐಬಿಸ್ ಪೇಂಟ್ ಹಾಕಿಕೊಂಡು ಬೆರಳಲ್ಲೇ ಬಿಡಿಸುತ್ತಿದ್ದೇನೆ, ಸ್ಟೈಲಸ್ ಕೂಡ ಇಲ್ಲ. ಬಿವಿಎ, ಅಂದರೆ ದೃಶ್ಯಕಲೆಯ ಡಿಗ್ರಿ ಮಾಡಬೇಕು ಅಂತ ಆಸೆ. ಆದರೆ ಪೇಂಟಿಂಗ್ ತೆಗೆದುಕೊಳ್ಳಲಾ, ಅನಿಮೇಷನ್ ಥರ ಡಿಜಿಟಲ್ ಕೋರ್ಸ್ ತೆಗೆದುಕೊಳ್ಳಲಾ ಅಂತಲೇ ಗೊತ್ತಾಗುತ್ತಿಲ್ಲ. ಕೋಲಾರದಲ್ಲಿ ಮಾವನದು ಫ್ಲೆಕ್ಸ್ ಅಂಗಡಿ ಇದೆ, ಅವರು "ಕೈಯಲ್ಲಿ ಬಿಡಿಸೋ ಕಾಲ ಹೋಯ್ತು, ಫೋಟೋಶಾಪ್ ಕಲಿ ಸಾಕು" ಅನ್ನುತ್ತಾರೆ. ನಮ್ಮ ಡ್ರಾಯಿಂಗ್ ಮೇಷ್ಟ್ರು ಅದಕ್ಕೆ ಪೂರ್ತಿ ಉಲ್ಟಾ ಹೇಳುತ್ತಾರೆ. ಅಪ್ಪ ಬೇಡ ಅಂತ ಹೇಳಿಲ್ಲ, ಒಂದೇ ಪ್ರಶ್ನೆ ಕೇಳಿದರು. "ಬಿಕಾಂ ಮಾಡಿದರೆ ಅಕೌಂಟೆಂಟ್ ಅಂತಾರೆ. ಇದನ್ನ ಮಾಡಿದರೆ ನಿನ್ನ ಏನಂತ ಕರೀತಾರೆ?" ನನಗೆ ಉತ್ತರ ಹೊಳೆಯಲಿಲ್ಲ.

ಸೇರುವ ಮೊದಲೇ ಲ್ಯಾಪ್‌ಟಾಪ್ ಬೇಕಾ ಅನ್ನೋದನ್ನೂ ಹೇಳಿ. ಮಾವಿನ ಫಸಲು ಈ ಸಲ ಅಷ್ಟಕ್ಕಷ್ಟೇ, ಅದಕ್ಕೇ ಕೇಳುತ್ತಿದ್ದೇನೆ.

ಸತುತಗಡು:

ತಂಗಿ, ಮೊದಲು ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಆರ್ಟ್ ಕಾಲೇಜಿನಲ್ಲಿ "ಗ್ರಾಫಿಕ್ಸ್" ಅಂತ ಬೋರ್ಡ್ ಇರುವ ವಿಭಾಗದಲ್ಲಿ ಕಂಪ್ಯೂಟರ್ ಇರುವುದಿಲ್ಲ! ಅದು ಅಚ್ಚು ಹಾಕುವ ಕಲೆ. ನಾನು ಬಂಗಾರಪೇಟೆಯವನು, ಮೈಸೂರಿನ ಕಾವಾ ಅನ್ನೋ ಕಲಾ ಕಾಲೇಜಿನಲ್ಲಿ ಓದಿದೆ. ಕಂಪ್ಯೂಟರ್ ಗ್ರಾಫಿಕ್ಸ್ ಕಲಿಸುತ್ತಾರೆ ಅಂತ ನಂಬಿಕೊಂಡು ಆ ವಿಭಾಗ ಬರೆದುಕೊಟ್ಟವನು ನಾನು. ಒಳಗೆ ಹೋದರೆ ಆಸಿಡ್ ವಾಸನೆ, ಕಬ್ಬಿಣದ ದೊಡ್ಡ ಪ್ರೆಸ್, ಏಪ್ರನ್ ತುಂಬ ಇಂಕ್ ಮೆತ್ತಿಕೊಂಡ ಸೀನಿಯರ್‌ಗಳು. ಒಂದು ವಾರ ಅಳು ಬಂತು. ಆಮೇಲೆ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಯಾಕೆ ಅಂತ ಹೇಳುತ್ತೇನೆ, ನಿಮ್ಮ ಪ್ರಶ್ನೆಗೂ ಅದೇ ಉತ್ತರ. ಎಚಿಂಗ್‌ನಲ್ಲಿ ಸತುವಿನ ತಗಡಿಗೆ ಗ್ರೌಂಡ್ (ಆಸಿಡ್ ತಾಗದ ಹಾಗೆ ತಡೆಯುವ ಲೇಪ) ಬಳಿದು, ಒಣಗಿದ ಮೇಲೆ ಸೂಜಿಯಿಂದ ಗೀಚಿ, ನೀರು ಬೆರೆಸಿದ ನೈಟ್ರಿಕ್ ಆಸಿಡ್‌ನಲ್ಲಿ ಇಡುತ್ತೇವೆ. ಗೀಚಿದ ಕಡೆ ಮಾತ್ರ ಆಸಿಡ್ ತಿನ್ನುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಗೆರೆ ಆಳವಾಗಿ ಕಪ್ಪಗೆ ಬರುತ್ತದೆ, ಬೇಗ ತೆಗೆದರೆ ತೆಳ್ಳಗೆ. ಆಮೇಲೆ ಗೆರೆಗಳಿಗೆ ಇಂಕ್ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಹಾಸಿ ಪ್ರೆಸ್ ತಿರುಗಿಸಬೇಕು. ಚಿತ್ರ ಎಡಬಲ ತಿರುಗಿ ಬರುತ್ತದೆ. ಮೊದಲ ಪ್ಲೇಟಿನಲ್ಲಿ ನಾನು ನಮ್ಮೂರ ಹೆಸರು ಬರೆದಿದ್ದೆ, ಅದನ್ನು ಓದಲು ಕನ್ನಡಿ ಬೇಕಾಯಿತು. ತಪ್ಪಿದರೆ ಹಿಂದಕ್ಕೆ ಹೋಗಲು ಕಂಪ್ಯೂಟರಿನ ಥರ "ಅನ್‌ಡೂ" ಇಲ್ಲ. ಬಣ್ಣಕ್ಕೊಂದು ಪ್ಲೇಟ್ ಮಾಡುವಾಗ ಯಾವುದು ಕೆಳಗೆ, ಯಾವುದು ಮೇಲೆ ಅಂತ ತಗಡು ಮುಟ್ಟುವ ಮೊದಲೇ ತಲೆಯಲ್ಲಿ ಕೂರಬೇಕು. ಈಗ ನಾನು ಮಾಡುವುದು ಪುಸ್ತಕಗಳಿಗೆ ಡಿಜಿಟಲ್ ಚಿತ್ರ. ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಕೂರುವ ಲೇಯರ್ ಅಂದರೇನು ಅಂತ ನನಗೆ ಯಾರೂ ಕಲಿಸಬೇಕಾಗಲಿಲ್ಲ.

ಇನ್ನೊಂದು ವಿಷಯ. ನಾಲ್ಕು ವರ್ಷದಲ್ಲಿ ಮೊದಲನೆಯದು ಫೌಂಡೇಶನ್. ಎಲ್ಲರಿಗೂ ಡ್ರಾಯಿಂಗ್, ಬಣ್ಣ, ಮಣ್ಣಿನ ಕೆಲಸ, ಕಲಾ ಇತಿಹಾಸ. ವಿಭಾಗ ಆರಿಸುವುದು ಆಮೇಲೆ. ಹಾಗಾಗಿ ಪೇಂಟಿಂಗಾ ಡಿಜಿಟಲ್ಲಾ ಅಂತ ಈಗಲೇ ನಿದ್ದೆ ಕೆಡಿಸಿಕೊಳ್ಳಬೇಡಿ. ಲ್ಯಾಪ್‌ಟಾಪ್ ಮೊದಲ ವರ್ಷ ಬೇಡವೇ ಬೇಡ. ಆ ದುಡ್ಡಿನಲ್ಲಿ ಒಳ್ಳೆ ಕಾಗದ ತಗೊಳ್ಳಿ.

ರೆಂಡರ್‌ರಾತ್ರಿ:

ನಾನು ಇನ್ನೊಂದು ದಾರಿ ಹಿಡಿದವಳು, ಅದನ್ನೂ ಕೇಳಿ. ಬೆಂಗಳೂರಿನ ಒಂದು ಖಾಸಗಿ ಅನಿಮೇಷನ್ ಇನ್‌ಸ್ಟಿಟ್ಯೂಟ್ ಸೇರಿದೆ, ಹೆಸರು ಬೇಡ. ಸೇರುವಾಗ ನೂರು ಪರ್ಸೆಂಟ್ ಕೆಲಸ ಅಂದರು. ಅಪ್ಪ ಸಾಲ ಮಾಡಿ ಫೀಸ್ ಕಟ್ಟಿದರು. ಎರಡು ವರ್ಷ ಕಲಿಸಿದ್ದು ಏನು ಅಂದರೆ ಸಾಫ್ಟ್‌ವೇರ್ ಮೆನು. ಈ ಬಟನ್ ಒತ್ತಿದರೆ ಇದಾಗುತ್ತೆ, ಆ ಬಟನ್ ಒತ್ತಿದರೆ ಅದಾಗುತ್ತೆ. ಒಂದು ದಿನವೂ ಎದುರಿಗೆ ಮನುಷ್ಯನನ್ನು ಕೂರಿಸಿ ಬಿಡಿಸಲು ಹೇಳಲಿಲ್ಲ. ಕೆಲಸ ಹುಡುಕಲು ಹೋದಾಗ ಸ್ಟುಡಿಯೋದವರು ಕೇಳಿದ ಮೊದಲ ಮಾತೇ "ಸ್ಕೆಚ್ ಬುಕ್ ಎಲ್ಲಿ?" ನನ್ನ ಹತ್ತಿರ ಸರ್ಟಿಫಿಕೇಟ್ ಇತ್ತು, ಸ್ಕೆಚ್ ಬುಕ್ ಇರಲಿಲ್ಲ. ಆಮೇಲೆ ಎರಡು ವರ್ಷ ಭಾನುವಾರ ಭಾನುವಾರ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಕೂತು ಜನರನ್ನು ಬಿಡಿಸಿ ಕಲಿತೆ. ಈಗ ಗೇಮ್ ಸ್ಟುಡಿಯೋದಲ್ಲಿ ಟೆಕ್ಸ್ಚರ್ ಕೆಲಸ. ಗೋಡೆಗೆ ಪಾಚಿ ಎಲ್ಲಿ ಹಿಡಿಯುತ್ತೆ, ಬಾಗಿಲ ಬಣ್ಣ ಎಲ್ಲಿ ಸವೆಯುತ್ತೆ ಅಂತ ನೋಡೋದೇ ನನ್ನ ಕೆಲಸ, ನಿಜವಾಗಿ.

ಸಾಫ್ಟ್‌ವೇರ್ ಕಲಿಯಲು ಯಾರಿಗೂ ಲಕ್ಷ ಕೊಡಬೇಡಿ. ತ್ರೀಡಿ ಮಾಡುವ ಬ್ಲೆಂಡರ್, ಚಿತ್ರ ಬಿಡಿಸುವ ಕ್ರಿಟಾ ಎರಡೂ ಪುಕ್ಕಟೆ. 2025ರಲ್ಲಿ ಅನಿಮೇಷನ್‌ಗೆ ಆಸ್ಕರ್ ಗೆದ್ದ ಲಾಟ್ವಿಯಾ ದೇಶದ ಚಿತ್ರ ಮಾಡಿದ್ದು ಬ್ಲೆಂಡರ್‌ನಲ್ಲೇ. ಪೆನ್ ಟ್ಯಾಬ್ಲೆಟ್ ಕೂಡ ಸ್ಕ್ರೀನ್ ಇಲ್ಲದ್ದು ನಾಲ್ಕೈದು ಸಾವಿರಕ್ಕೆ ಸಿಗುತ್ತದೆ. ಕೈ ಟ್ಯಾಬ್ಲೆಟ್ ಮೇಲೆ, ಕಣ್ಣು ಮಾನಿಟರ್ ಮೇಲೆ, ಮೊದಲ ಹದಿನೈದು ದಿನ ಹಿಂಸೆ, ಆಮೇಲೆ ಗೊತ್ತೇ ಆಗೋದಿಲ್ಲ.

ಆದರೆ ಒಂದು ಮಾತು, ಸತುತಗಡು ಅವರು ಸ್ವಲ್ಪ ಜಾಸ್ತಿಯೇ ಹೊಗಳಿದರು. ಬಿವಿಎ ಮುಗಿಸಿ ಬಂದವರು ಎಷ್ಟೋ ಜನ ನಮ್ಮ ಸ್ಟುಡಿಯೋದಲ್ಲಿ ಫೈಲ್‌ಗೆ ಹೆಸರಿಡಲೂ ಬರದೆ ಒದ್ದಾಡುತ್ತಾರೆ. "ಫೈನಲ್, ಫೈನಲ್ 2, ಫೈನಲ್ ಹೊಸದು" ಅಂತ ಇಡುತ್ತಾರೆ. ಎರಡನೇ ವರ್ಷದಿಂದ ಕಂಪ್ಯೂಟರ್ ಕೆಲಸವನ್ನೂ ಶುರು ಮಾಡಬೇಕು, ಕಾಲೇಜು ಕಲಿಸಲಿ ಬಿಡಲಿ.

ತುಮಕೂರು_ಪ್ಯಾಸೆಂಜರ್:

ಯಾವ ಕಾಲೇಜಾದರೂ ಸರಿ, ದಿನಾ ಓಡಾಡಿಕೊಂಡು ಮಾತ್ರ ಓದಬೇಡಿ. ನಾನು ತುಮಕೂರಿನಿಂದ ಬೆಂಗಳೂರಿಗೆ ಪಾಸ್ ಮಾಡಿಸಿಕೊಂಡು ರೈಲಿನಲ್ಲಿ ಹೋಗಿಬಂದು ಬಿವಿಎ ಪೇಂಟಿಂಗ್ ಮಾಡಿದೆ. 70 ಕಿಲೋಮೀಟರ್ ಏನು ಮಹಾ ಅಂದುಕೊಂಡಿದ್ದೆ. ಬೇರೆ ಡಿಗ್ರಿಗೆ ಅದು ನಡೆಯುತ್ತೆ, ಇದಕ್ಕೆ ನಡೆಯೋದಿಲ್ಲ. ಕ್ಲಾಸ್ ಮುಗಿಯೋದು ನಾಲ್ಕಕ್ಕೆ, ನಿಜವಾದ ಕೆಲಸ ಶುರುವಾಗೋದೂ ನಾಲ್ಕಕ್ಕೇ! ಹಾಸ್ಟೆಲ್ ಹುಡುಗರು ರಾತ್ರಿ ಒಂಬತ್ತರವರೆಗೆ ಸ್ಟುಡಿಯೋದಲ್ಲಿ ಇರುತ್ತಿದ್ದರು. ಸೀನಿಯರ್ ಕ್ಯಾನ್ವಾಸ್ ಹೇಗೆ ಬಿಗಿಯುತ್ತಾನೆ, ಪ್ರೈಮರ್ ಎಷ್ಟು ಕೋಟ್ ಹೊಡೆಯುತ್ತಾನೆ, ಹಾಳಾದ ಚಿತ್ರವನ್ನು ಹೇಗೆ ಉಳಿಸಿಕೊಳ್ಳುತ್ತಾನೆ, ಇದೆಲ್ಲ ಪಕ್ಕದಲ್ಲಿ ನಿಂತು ನೋಡಿಯೇ ಕಲಿಯಬೇಕು. ನಾನು ಆ ಹೊತ್ತಿಗೆ ಯಶವಂತಪುರದಲ್ಲಿ ರೈಲಿಗೆ ಕಾಯುತ್ತಿದ್ದೆ. ಹಸಿ ಆಯಿಲ್ ಪೇಂಟಿಂಗ್ ಹಿಡಿದುಕೊಂಡು ರಶ್ಶಿನಲ್ಲಿ ನಿಂತದ್ದು, ಒಬ್ಬರ ಬಿಳಿ ಅಂಗಿಗೆ ಬಣ್ಣ ಮೆತ್ತಿ ಬೈಸಿಕೊಂಡದ್ದು ಬೇರೆ ಕಥೆ.

ಅದಕ್ಕೇ ಹೇಳೋದು, ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಸಂಜೆ ಆರಕ್ಕೆ ಹೋಗಿ ಸ್ಟುಡಿಯೋ ಬಾಗಿಲು ತೆಗೆದಿದೆಯಾ ನೋಡಿ. ಹುಡುಗಿಯರ ಹಾಸ್ಟೆಲ್‌ಗೆ ಎಷ್ಟು ಹೊತ್ತಿಗೆ ಬೀಗ ಹಾಕುತ್ತಾರೆ ಅಂತಲೂ ಕೇಳಿ, ಅದು ಆರಕ್ಕೇ ಆದರೆ ಸ್ಟುಡಿಯೋ ತೆರೆದಿದ್ದೂ ಪ್ರಯೋಜನ ಇಲ್ಲ. ದುಡ್ಡಿನ ಚಿಂತೆಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಿ. ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ಊಟ, ವಸತಿಗೆ ಸರ್ಕಾರ ಕೊಡುವ ವಿದ್ಯಾಸಿರಿ ದುಡ್ಡು ನಿಮಗೆ ಬರುತ್ತಾ ಅಂತ ವಿಚಾರಿಸಿ.

ಮಾವಿನತೋಪು05:

ಅಯ್ಯೋ ಇಷ್ಟು ಜನ ಬರೆದಿದ್ದೀರಿ, ಥ್ಯಾಂಕ್ಸ್. ಗ್ರಾಫಿಕ್ಸ್ ವಿಷಯ ಗೊತ್ತೇ ಇರಲಿಲ್ಲ, ನಾನೂ ಅದನ್ನೇ ಬರೆಯುತ್ತಿದ್ದೆ! ಇನ್ನೊಂದು ಕೇಳಲಾ? ಇಂಟರ್‌ವ್ಯೂಗೆ ಏನೇನು ತೆಗೆದುಕೊಂಡು ಹೋಗಬೇಕು? ನನ್ನ ಹತ್ತಿರ ಅಪ್ಪು ಅವರ ಪೆನ್ಸಿಲ್ ಪೋರ್ಟ್ರೇಟ್ ಮೂರು ಇವೆ, ಎಲ್ಲರೂ ಫೋಟೋ ಥರಾನೇ ಇದೆ ಅನ್ನುತ್ತಾರೆ. ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಬಗ್ಗೆಯೂ ಫ್ರೆಂಡ್ ಹೇಳಿದಳು.

ಸತುತಗಡು:

ಅಪ್ಪು ಮೇಲೆ ನನಗೂ ಪ್ರಾಣ. ಆದರೆ ಇಂಟರ್‌ವ್ಯೂಗೆ ಬರುವ ಹತ್ತರಲ್ಲಿ ಎಂಟು ಜನ ಅದನ್ನೇ ತರುತ್ತಾರೆ. ಫೋಟೋ ಇಟ್ಟು, ಚೌಕ ಹಾಕಿ ಬಿಡಿಸಿದ್ದು ನಿಮ್ಮ ತಾಳ್ಮೆ ತೋರಿಸುತ್ತೆ, ಕಣ್ಣು ತೋರಿಸೋದಿಲ್ಲ. ಒಂದು ಇಟ್ಟುಕೊಳ್ಳಿ ಸಾಕು. ಮಿಕ್ಕಿದ್ದು ಎದುರಿಗೆ ಇದ್ದದ್ದನ್ನು ನೋಡಿ ಬಿಡಿಸಿದ್ದಿರಲಿ. ನಿಮ್ಮ ಕಡೆ ಮಂಡಿಯಲ್ಲಿ ಮಾವಿನಕಾಯಿ ಕ್ರೇಟ್ ಇಳಿಸುವವರು, ಟೊಮ್ಯಾಟೊ ಆರಿಸುವವರು ಇರುತ್ತಾರಲ್ಲ, ಅವರು ಒಂದು ಕ್ಷಣ ಸುಮ್ನೆ ನಿಲ್ಲೋದಿಲ್ಲ. ಅವರನ್ನು ಬಿಡಿಸಿ. ಅರ್ಧಕ್ಕೆ ನಿಂತ ಸ್ಕೆಚ್ ಆದರೂ ಪರವಾಗಿಲ್ಲ, ಹರಿಯಬೇಡಿ.

ಎನ್‌ಐಡಿಗೆ ಬೇರೆಯೇ ಪ್ರವೇಶ ಪರೀಕ್ಷೆ ಇದೆ. ಬೆಂಗಳೂರಿನ ಎನ್‌ಐಡಿಯಲ್ಲಿ ಪಿಯುಸಿ ಆದವರು ಸೇರುವ ಬಿ.ಡೆಸ್ (ಡಿಸೈನ್ ಡಿಗ್ರಿ) ಇಲ್ಲ, ಡಿಗ್ರಿ ಆದ ಮೇಲಿನ ಎಂ.ಡೆಸ್ ಮಾತ್ರ. ಐಐಟಿಗಳ ಬಿ.ಡೆಸ್‌ಗೆ ಯುಸೀಡ್ ಅಂತ ಪರೀಕ್ಷೆ, ಕಾಮರ್ಸ್‌ನವರೂ ಬರೆಯಬಹುದು. ಜನವರಿಯಲ್ಲಿ ನಡೆಯುತ್ತೆ, ಅರ್ಜಿ ಅಕ್ಟೋಬರ್ ಹೊತ್ತಿಗೇ ಹಾಕಬೇಕು. ಈ ವರ್ಷದ್ದು ಮುಗಿದು ಹೋಯಿತು. ಅದು ಡಿಸೈನ್, ಇದು ಕಲೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಉಳಿಸದ್ದು:

ನಮ್ಮದು ಶಿವಾರಪಟ್ಟಣ, ಮಾಲೂರು ತಾಲ್ಲೂಕು. ವಿಗ್ರಹ ಕೆತ್ತುವ ಊರು ಅಂತ ನಿಮಗೆ ಗೊತ್ತೇ ಇರುತ್ತೆ. ಈಗ ಉಳಿಗಿಂತ ಗ್ರೈಂಡರ್ ಸದ್ದೇ ಜಾಸ್ತಿ, ಹೆಸರು ಮಾತ್ರ ಹಳೇದು ಇಟ್ಟುಕೊಂಡಿದ್ದೇನೆ. ನಾನು ಬಿವಿಎ ಶಿಲ್ಪ ಮಾಡಿ ಊರಿಗೇ ವಾಪಸ್ ಬಂದೆ. ಕಾಲೇಜಿಗೆ ಹೊರಟಾಗ ನಮ್ಮ ತಾತ "ಮನೇಲಿ ಇರೋದನ್ನ ಕಲಿಯೋಕೆ ಊರು ಬಿಡ್ತೀಯಾ?" ಅಂದಿದ್ದರು.

ನಮ್ಮ ಕೆಲಸದಲ್ಲಿ ಅಳತೆ ತಾಳದಲ್ಲಿ. ಮುಖದ ಉದ್ದ ಒಂದು ತಾಳ, ಅದಕ್ಕೆ 12 ಅಂಗುಲ. ನವತಾಳದ ಮೂರ್ತಿ ಅಂದರೆ 108 ಅಂಗುಲ, ಗಣಪತಿಗೆ ಐದು ತಾಳ. ಈ ಅಂಗುಲ ಟೇಪಿನ ಇಂಚಲ್ಲ, ಆ ಮೂರ್ತಿಯದೇ ಅಂಗುಲ. ಮೂರ್ತಿ ಚಿಕ್ಕದಾದರೆ ಅಂಗುಲವೂ ಚಿಕ್ಕದಾಗುತ್ತೆ. ನಾನು ಬ್ಲೆಂಡರ್ ಕಲಿತಾಗ ಮೊದಲು ಮಾಡಿದ್ದು ಒಂದು ತಾಳ ಎತ್ತರದ ಡಬ್ಬ. ಅದನ್ನು ಒಂದರ ಮೇಲೊಂದು ಒಂಬತ್ತು ಪೇರಿಸಿ, ಅದರ ಒಳಗೆ ಮೂರ್ತಿ ಕೂರಿಸಿದೆ. ತಾತ ಮೊಬೈಲ್ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿ, "ಮೊಣಕಾಲು ಅರ್ಧ ಅಂಗುಲ ಕೆಳಗೆ ಬಂದಿದೆ" ಅಂದರು. ಬಂದಿತ್ತು.

ಈಗ ದೇವಸ್ಥಾನದ ಕಮಿಟಿಯವರು ಬಂದರೆ ಕಲ್ಲು ಮುಟ್ಟುವ ಮೊದಲೇ ಮಾದರಿ ತೋರಿಸುತ್ತೇನೆ. ಪ್ರಭಾವಳಿ ದೊಡ್ಡದು ಮಾಡಿ, ಚಿಕ್ಕದು ಮಾಡಿ ಅನ್ನುವ ಜಗಳ ಎಲ್ಲ ಸ್ಕ್ರೀನ್ ಮೇಲೇ ಮುಗಿಯುತ್ತೆ. ಆದರೆ ಕಂಪ್ಯೂಟರಿನಲ್ಲಿ ಯಾವುದೂ ಮುರಿಯೋದಿಲ್ಲ, ಅದೇ ಅಪಾಯ. ಬೆರಳು ಎಷ್ಟು ತೆಳ್ಳಗೆ ಬೇಕಾದರೂ ಮಾಡಬಹುದು. ಕಲ್ಲು ಎಷ್ಟು ತೆಳುವಿಗೆ ನಿಲ್ಲುತ್ತೆ ಅನ್ನೋದು ಎರಡು ಮುರಿದ ಮೇಲೇ ನನಗೆ ಗೊತ್ತಾಗಿದ್ದು. ಹೊಸಬರು ಕಂಪ್ಯೂಟರಿನಲ್ಲಿ ಮಾಡಿ ತರುವ ಮಾದರಿಗಳಲ್ಲಿ ಅರ್ಧ, ಕಲ್ಲಿಗೆ ಬಂದರೆ ನಿಲ್ಲೋದಿಲ್ಲ.

ನಿಮ್ಮ ಅಪ್ಪನ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇಲ್ಲ. ನಮ್ಮ ಊರಲ್ಲಿ ನನ್ನನ್ನು ಇವತ್ತಿಗೂ "ಕಂಪ್ಯೂಟರ್ ಆಚಾರಿ" ಅಂತಲೇ ಕರೆಯೋದು.

ಫ್ಲೆಕ್ಸ್‌ಅಂಗಡಿ_ಚಿಂತಾಮಣಿ:

ಕಂಪ್ಯೂಟರ್ ಆಚಾರಿ, ಚೆನ್ನಾಗಿದೆ 😄

ತಂಗಿ, ನಾನು ನಿಮ್ಮ ಮಾವನ ಜಾತಿ, ಅಂದರೆ ಫ್ಲೆಕ್ಸ್ ಜಾತಿ. ಮೊದಲು ಬೋರ್ಡ್ ಬರೆಯುತ್ತಿದ್ದೆ, ಎನಾಮಲ್ ಬಣ್ಣ, ಬ್ರಷ್. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಯುವವರಲ್ಲಿ ಅರ್ಧ ಜನ ಗಾರೆ ಕೆಲಸಕ್ಕೆ ಹೋದರು, ನಾನು ಸಾಲ ಮಾಡಿ ಕಂಪ್ಯೂಟರ್ ತಂದೆ. ಹಾಗಾಗಿ ಕೈ ಮುಖ್ಯ, ಕೈ ಮುಖ್ಯ ಅಂತ ಸುಮ್ನೆ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಉರಿಯುತ್ತೆ. ಆದರೂ ಒಂದು ಒಪ್ಪಿಕೊಳ್ಳುತ್ತೇನೆ. ಮದುವೆ ಕಾರ್ಡಿಗೆ, ಹೋಟೆಲ್ ಬೋರ್ಡಿಗೆ ಚೆಂದದ ಕನ್ನಡ ಅಕ್ಷರ ಬೇಕು ಅಂದರೆ ಅವೇ ನಾಲ್ಕು ಫಾಂಟ್ ಎಲ್ಲಾ ಕಡೆ. ಕೈಯಲ್ಲಿ ಬರೆದ ಅಕ್ಷರ ಕೇಳಿಕೊಂಡು ಬೆಂಗಳೂರಿಂದ ನನಗೆ ಫೋನ್ ಬರುತ್ತೆ, ಈಗಲೂ. ಬ್ರಷ್‌ನಲ್ಲಿ ಬರೆದು, ಸ್ಕ್ಯಾನ್ ಮಾಡಿ, ಕೋರಲ್ ಸಾಫ್ಟ್‌ವೇರ್‌ನಲ್ಲಿ ಟ್ರೇಸ್ ಮಾಡಿ ಕಳಿಸುತ್ತೇನೆ. ಫ್ಲೆಕ್ಸ್‌ಗಿಂತ ಅದರಲ್ಲೇ ಕಾಸು ಚೆನ್ನಾಗಿದೆ.

ರಜೆಯಲ್ಲಿ ನಿಮ್ಮ ಮಾವನ ಅಂಗಡಿಯಲ್ಲಿ ಹೋಗಿ ಕೂರಿ. ಸ್ಕ್ರೀನ್ ಮೇಲೆ ಮಿಂಚುವ ಹಸಿರು ಪ್ರಿಂಟ್‌ನಲ್ಲಿ ಯಾಕೆ ಮಂಕಾಗುತ್ತೆ, ಸ್ಕ್ರೀನಿನ ಬಣ್ಣ ಬೆಳಕಿಂದ, ಪ್ರಿಂಟಿನ ಬಣ್ಣ ನಾಲ್ಕು ಇಂಕಿಂದ, ಇದೆಲ್ಲ ಅಲ್ಲಿ ಒಂದೇ ವಾರದಲ್ಲಿ ಅರ್ಥವಾಗುತ್ತೆ. ಫೋಟೋಶಾಪ್‌ನಲ್ಲಿ ಕನ್ನಡ ಯೂನಿಕೋಡ್ ಹಾಕಿದಾಗ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂತರೆ ಗಾಬರಿ ಬೇಡ. ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಅಂತ ಇರುತ್ತೆ, ಹಳೇದರಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷಿಯನ್ ಅಂತ. ಅದನ್ನು ಆರಿಸಿದರೆ ಸರಿ ಹೋಗುತ್ತೆ. ಡಿಗ್ರಿ ಮಾಡಿದ ಹುಡುಗರಿಗೇ ಇದು ಗೊತ್ತಿರೋದಿಲ್ಲ, "ಶ್ರೀ" ಒಡೆದುಕೊಂಡ ಫೈಲ್ ತಂದು ಹಾಗೇ ಹೊಡೀರಿ ಅಂತಾರೆ.

ತುಮಕೂರು_ಪ್ಯಾಸೆಂಜರ್:

ಜನವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನವರ ಚಿತ್ರಸಂತೆಗೂ ಒಮ್ಮೆ ಅಪ್ಪನನ್ನು ಕರೆದುಕೊಂಡು ಹೋಗಿ. ಪ್ರತಿ ವರ್ಷ ನಡೆಯುತ್ತೆ, ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರ ಮಾರುವವರೇ. ಜನ ಚೌಕಾಸಿ ಮಾಡೋದನ್ನು ಅಪ್ಪ ನೋಡಲಿ. ಮಂಡಿ ಕಂಡವರಿಗೆ ಹೊಸದೇನಲ್ಲ.

ಮಾವಿನತೋಪು05:

ಮಂಡಿಗೆ ಹೋಗಿ ಮೂರು ದಿನದಲ್ಲಿ ನಲವತ್ತು ಸ್ಕೆಚ್ ಮಾಡಿದೆ. ಮೊದಲ ಹತ್ತು ಯಾರಿಗೂ ತೋರಿಸೋ ಹಾಗಿಲ್ಲ. ನಾಲ್ಕನ್ನು ಫೋಟೋ ತೆಗೆದು ಹಾಕಿದ್ದೇನೆ, ನೋಡಿ ಹೇಳಿ. ಅಪ್ಪ ಅವರ ಫ್ರೆಂಡ್ ಒಬ್ಬರನ್ನು ಗುರುತು ಹಿಡಿದರು, ಮುಖ ಬಿಡಿಸಿರಲೇ ಇಲ್ಲ, ಬರೀ ಬೆನ್ನು.

ಫ್ಲೆಕ್ಸ್‌ಅಂಗಡಿ_ಚಿಂತಾಮಣಿ:

ಸ್ಕೆಚ್ ಚೆನ್ನಾಗಿದೆ, ಫೋಟೋ ಕೆಟ್ಟದಾಗಿದೆ. ಫ್ಲ್ಯಾಶ್ ಆಫ್ ಮಾಡಿ. ಹಾಳೆಯನ್ನು ಕಿಟಕಿ ಪಕ್ಕ ಗೋಡೆಗೆ ಅಂಟಿಸಿ, ಮೊಬೈಲ್ ನೇರ ಎದುರಿಗೆ ಹಿಡಿದು ತೆಗೆಯಿರಿ. ಎರಡನೆಯದರಲ್ಲಿ ನಿಮ್ಮ ಕೈ ನೆರಳು ಬಿದ್ದಿದೆ, ಅದನ್ನು ಇನ್ನೊಂದು ಸಲ ತೆಗೆದು ಹಾಕಿ.