ಫರ್ನೇಸ್ ನಿಂತ ಕ್ವಾರ್ಟರ್‌ನಲ್ಲಿ ಹೀರಿಕೆಯಾಗದ ಓವರ್‌ಹೆಡ್ಡನ್ನು ಮುಂದಕ್ಕೆ ಎತ್ತಿಡಬಹುದೇ?

ಪ್ರಶ್ನೆ (ಎರಕದ ಘಟಕದ ಅಕೌಂಟ್ಸ್)

ಎಲ್ಲರಿಗೂ ನಮಸ್ಕಾರ. ಎರಕದ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಲೆಕ್ಕಪತ್ರ ಐಎಫ್‌ಆರ್‌ಎಸ್ (ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳು) ಪ್ರಕಾರ. ಎರಡನೇ ಕ್ವಾರ್ಟರ್‌ನ ಮಧ್ಯಂತರ ವರದಿ ಸಿದ್ಧವಾಗುತ್ತಿದೆ.

ಪ್ರತಿ ವರ್ಷ ಈ ಕ್ವಾರ್ಟರ್‌ನಲ್ಲೇ ಮುಖ್ಯ ಫರ್ನೇಸನ್ನು ರಿಪೇರಿಗೆ ನಿಲ್ಲಿಸುತ್ತೇವೆ. ಈ ಸಲ ಒಳಗಿನ ಲೈನಿಂಗ್ ಪೂರ್ತಿ ಬದಲಾಯಿಸಿದ್ದರಿಂದ ಹೆಚ್ಚು ದಿನ ನಿಂತಿತು. ಅಂಕಿ ಹೀಗಿದೆ: ಸ್ಥಿರ ಓವರ್‌ಹೆಡ್ (ಉತ್ಪಾದನೆ ಹೆಚ್ಚಾದರೂ ಕಡಿಮೆಯಾದರೂ ಬದಲಾಗದ ಕಾರ್ಖಾನೆ ಖರ್ಚು) ಕ್ವಾರ್ಟರ್‌ಗೆ 60 ಲಕ್ಷ. ಸಾಮಾನ್ಯ ಉತ್ಪಾದನೆ ವರ್ಷಕ್ಕೆ 48,000 ಬಿಡಿಭಾಗ, ಅಂದರೆ ಕ್ವಾರ್ಟರ್‌ಗೆ ಸರಾಸರಿ 12,000. ಹಾಗಾಗಿ ಒಂದಕ್ಕೆ 500ರ ದರ. ಮೊದಲ ಕ್ವಾರ್ಟರ್‌ನಲ್ಲಿ 12,000 ಸರಿಯಾಗಿ ಬಂತು. ಎರಡನೆಯದರಲ್ಲಿ ಬಂದದ್ದು 7,500 ಮಾತ್ರ. ಹೀರಿಕೆಯಾಗದೆ, ಅಂದರೆ ಯಾವ ಬಿಡಿಭಾಗದ ವೆಚ್ಚಕ್ಕೂ ಸೇರದೆ, ಉಳಿದದ್ದು 22.5 ಲಕ್ಷ.

ನಮ್ಮ ಫೈನಾನ್ಸ್ ಮ್ಯಾನೇಜರ್ ಹೇಳುವುದು: "ಮುಂದಿನ ಎರಡು ಕ್ವಾರ್ಟರ್‌ನಲ್ಲಿ 14,000, 14,500 ಮಾಡುತ್ತೇವೆ, ವರ್ಷದ ಕೊನೆಗೆ ವ್ಯತ್ಯಾಸ ಸೊನ್ನೆ. ಈಗ ಅದನ್ನು ಮುಂಗಡ ವೆಚ್ಚ ಎಂದು ಬ್ಯಾಲೆನ್ಸ್ ಶೀಟ್‌ನಲ್ಲಿ ಇಡಿ, ಇಲ್ಲವೇ ಈ ಕ್ವಾರ್ಟರ್‌ನ ದರವನ್ನೇ 800 ಮಾಡಿ." ಪಾಲಿಸಿ ಟಿಪ್ಪಣಿಯಲ್ಲಿ ಮಾತ್ರ "ಕಳೆದ ವಾರ್ಷಿಕ ಲೆಕ್ಕಪತ್ರದಲ್ಲಿ ಅನುಸರಿಸಿದ ನೀತಿಗಳನ್ನೇ ಅನುಸರಿಸಲಾಗಿದೆ" ಎಂಬ ಒಂದೇ ಸಾಲು. ಇದು ಸರಿಯೇ? ಲೈನಿಂಗ್‌ಗೆ ತಗುಲಿದ 36 ಲಕ್ಷವನ್ನು ಮೊದಲ ಕ್ವಾರ್ಟರ್‌ನಿಂದಲೇ ಪ್ರೊವಿಷನ್ (ಮುಂದೆ ಬರುವ ಖರ್ಚಿಗೆ ಲೆಕ್ಕದಲ್ಲಿ ಮೊದಲೇ ಹಾಕಿಡುವ ಮೊತ್ತ) ಮಾಡಬೇಕಿತ್ತೇ?

ಉತ್ತರ 1 (ಕಾರ್ಖಾನೆ ಆಡಿಟ್ ಮಾಡುವವ)

ಎರಡೂ ದಾರಿ ಆಗುವುದಿಲ್ಲ. 22.5 ಲಕ್ಷ ಇದೇ ಕ್ವಾರ್ಟರ್‌ನ ಖರ್ಚು.

ನೀವು ಬರೆದ ಆ ಒಂದು ಸಾಲಿನಿಂದಲೇ ಶುರು ಮಾಡೋಣ. ಅದು ಮಧ್ಯಂತರ ವರದಿಯ ಮಾನದಂಡವಾದ ಐಎಎಸ್ 34ರ 16ಎ ಪ್ಯಾರಾ ಕೇಳುವ ಹೇಳಿಕೆ. ನೀತಿಗಳಷ್ಟೇ ಅಲ್ಲ, ಲೆಕ್ಕ ಹಾಕುವ ವಿಧಾನವೂ ವಾರ್ಷಿಕ ಲೆಕ್ಕದಲ್ಲಿದ್ದದ್ದೇ ಎಂದು ಹೇಳಬೇಕು. ಬದಲಾಗಿದ್ದರೆ ಏನು ಬದಲಾಯಿತು, ಪರಿಣಾಮ ಎಷ್ಟು ಎಂದು ಬರೆಯಬೇಕು. ವರ್ಷದ ಕೊನೆಯಲ್ಲಿ ನೀವು ಹೀರಿಕೆಯಾಗದ ಓವರ್‌ಹೆಡ್ಡನ್ನು ಆಸ್ತಿ ಎಂದು ತೋರಿಸುತ್ತೀರಾ? ಇಲ್ಲ ತಾನೆ. ಹಾಗಿದ್ದ ಮೇಲೆ ಮಧ್ಯದಲ್ಲಿ ತೋರಿಸಿದರೆ ಆ ಸಾಲು ಸುಳ್ಳಾಗುತ್ತದೆ. ಎಷ್ಟೋ ಕಂಪನಿಗಳಲ್ಲಿ ಇದನ್ನು ಹಳೇ ಫೈಲಿನಿಂದ ಕಾಪಿ ಹೊಡೆದು ಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಅತಿ ಹೆಚ್ಚು ಭಾರ ಹೊರುವ ಸಾಲು ಅದೇ.

ಈಗ ಸ್ಟಾಕ್. ಸ್ಟಾಕಿನ ಮಾನದಂಡವಾದ ಐಎಎಸ್ 2ರ 13ನೇ ಪ್ಯಾರಾ ಪ್ರಕಾರ ಸ್ಥಿರ ಓವರ್‌ಹೆಡ್ ಹಂಚುವುದು ಸಾಮಾನ್ಯ ಸಾಮರ್ಥ್ಯದ ಮೇಲೆ. ಹಲವು ಅವಧಿ ಅಥವಾ ಋತುಗಳ ಸರಾಸರಿ ಅದು, ಯೋಜಿತ ರಿಪೇರಿಯಿಂದ ಕಳೆದುಹೋಗುವ ಸಾಮರ್ಥ್ಯವೂ ಅದರಲ್ಲಿ ಲೆಕ್ಕಕ್ಕೆ ಬಂದಿರುತ್ತದೆ. ನಿಮ್ಮ 48,000 ಹಾಗೆ ಬಂದ ಅಂಕಿಯಾದರೆ 500 ಸರಿಯಾದ ದರ. ಉತ್ಪಾದನೆ ಕುಸಿದ ಮಾತ್ರಕ್ಕೆ ಅದನ್ನು ಏರಿಸುವಂತಿಲ್ಲ, ಉಳಿದದ್ದು ಆಯಾ ಅವಧಿಯ ಖರ್ಚು ಎಂದು ಅದೇ ಪ್ಯಾರಾ ಹೇಳುತ್ತದೆ. 800 ಮಾಡಿದರೆ ಏನಾಗುತ್ತದೆ ನೋಡಿ: ಆ 7,500ರಲ್ಲಿ 4,000 ಗೋದಾಮಿನಲ್ಲೇ ಉಳಿದಿವೆ ಎಂದುಕೊಳ್ಳಿ. ಒಂದೊಂದರ ಮೇಲೂ 300 ಹೆಚ್ಚುವರಿ, ಒಟ್ಟು 12 ಲಕ್ಷ ಸ್ಟಾಕಿನೊಳಗೆ ಕೂತುಬಿಡುತ್ತದೆ. ಫರ್ನೇಸ್ ನಿಂತಿದ್ದರಿಂದ ಗೋದಾಮಿನ ಸರಕಿನ ಬೆಲೆ ಏರಿತು ಎಂದಂತಾಯಿತು. ಇದನ್ನು ನಾನು ಒಪ್ಪಲಾರೆ.

ಇನ್ನು ಮುಂಗಡ ವೆಚ್ಚದ ದಾರಿ. ಐಎಎಸ್ 34ರ ಜೊತೆಗಿರುವ ಉದಾಹರಣೆಗಳಲ್ಲಿನ ಬಿ28 ಪ್ಯಾರಾ ನಿಮ್ಮ ಮ್ಯಾನೇಜರ್ ವಾದವನ್ನೇ ಎದುರಿಗಿಟ್ಟುಕೊಂಡು ಬರೆದ ಹಾಗಿದೆ. ತಯಾರಿಕಾ ಕಂಪನಿಯ ಬೆಲೆ, ದಕ್ಷತೆ, ಖರ್ಚು, ಪರಿಮಾಣದ ವ್ಯತ್ಯಾಸಗಳನ್ನು (ಅಂದುಕೊಂಡದ್ದಕ್ಕೂ ನಿಜಕ್ಕೂ ಆದದ್ದಕ್ಕೂ ಇರುವ ಅಂತರ) ವರ್ಷದ ಕೊನೆಗೆ ಎಷ್ಟರಮಟ್ಟಿಗೆ ಪಿ ಅಂಡ್ ಎಲ್‌ಗೆ (ಲಾಭ-ನಷ್ಟ ಲೆಕ್ಕಕ್ಕೆ) ಹಾಕುತ್ತೀರೋ ಮಧ್ಯಂತರದಲ್ಲೂ ಅಷ್ಟೇ ಹಾಕಬೇಕು. ವರ್ಷದೊಳಗೆ ಸರಿಹೋಗುತ್ತದೆಂಬ ನಿರೀಕ್ಷೆಯಿಂದ ಮುಂದೂಡುವುದು ಸೂಕ್ತವಲ್ಲ ಎಂದು ನೇರವಾಗಿಯೇ ಇದೆ.

ಆದರೆ ಮ್ಯಾನೇಜರ್ ಮಾತಿನಲ್ಲಿ ಒಂದು ನಿಜವಿದೆ, ಅದನ್ನು ತಳ್ಳಿಹಾಕಬೇಡಿ. ಐಎಎಸ್ 34ರ 28ನೇ ಪ್ಯಾರಾ ಪ್ರಕಾರ ವರದಿ ಎಷ್ಟು ಸಲ ಕೊಡುತ್ತೀರಿ ಎಂಬುದರಿಂದ ವರ್ಷದ ಫಲಿತಾಂಶ ಬದಲಾಗಬಾರದು. ಅದಕ್ಕೇ ಅಳತೆ ಯಾವಾಗಲೂ ವರ್ಷದ ಆರಂಭದಿಂದ ಆ ದಿನದವರೆಗೆ. ನಿಮ್ಮ ಅಂಕಿಯನ್ನೇ ಹಾಕಿ ನೋಡಿ. ಅರ್ಧ ವರ್ಷಕ್ಕೆ 19,500 ಬಿಡಿಭಾಗ, ಹೀರಿಕೆ 97.5 ಲಕ್ಷ, ಆದ ಖರ್ಚು 120, ಬಾಕಿ 22.5. ಮೂರನೇ ಕ್ವಾರ್ಟರ್‌ನಲ್ಲಿ 14,000 ನಿಜಕ್ಕೂ ಬಂದರೆ ಒಂಬತ್ತು ತಿಂಗಳಿಗೆ ಹೀರಿಕೆ 167.5, ಖರ್ಚು 180, ಬಾಕಿ 12.5. ಅಂದರೆ ಆ ಕ್ವಾರ್ಟರ್‌ಗೆ 10 ಲಕ್ಷ ತಾನಾಗಿ ವಾಪಸ್ ಬಂತು. ನಾಲ್ಕನೆಯದರಲ್ಲಿ 14,500 ಬಂದರೆ ಉಳಿದ 12.5 ಕೂಡ ಬರುತ್ತದೆ, ವರ್ಷಕ್ಕೆ ಸೊನ್ನೆ. ಉತ್ಪಾದನೆ ಆದ ಮೇಲೆ ಬರುತ್ತದೆ, ಆಗುವ ಮೊದಲಲ್ಲ. ಮಾಡದ ಎರಕದ ಲಾಭವನ್ನು ಈಗಲೇ ಎಣಿಸಬೇಡಿ ಎಂದಷ್ಟೇ ನಾನು ಹೇಳುವುದು.

ಉತ್ತರ 2 (ಅಮೆರಿಕದ ಮಾತೃಸಂಸ್ಥೆಗೆ ರಿಪೋರ್ಟ್ ಮಾಡುವವ)

ಮೇಲಿನ ಉತ್ತರಕ್ಕೆ ಒಂದು ಸೇರಿಕೆ. ಮ್ಯಾನೇಜರ್ ಹಿಂದೆ ಯುಎಸ್ ಗ್ಯಾಪ್‌ನಲ್ಲಿ (ಅಮೆರಿಕದ ಲೆಕ್ಕಪತ್ರ ನಿಯಮಗಳಲ್ಲಿ) ಕೆಲಸ ಮಾಡಿದ್ದರೆ ಅವರ ವಾದ ಅಲ್ಲಿಂದ ಬಂದಿರಬಹುದು. ಅಲ್ಲಿ ಎಪಿಬಿ ಎಂಬ ಹಿಂದಿನ ಲೆಕ್ಕಪತ್ರ ಮಂಡಳಿಯ 1973ರ 28ನೇ ಅಭಿಪ್ರಾಯದಿಂದ ಬಂದ ನಿಯಮ ಈಗ ಅಲ್ಲಿನ ನಿಯಮಸಂಗ್ರಹದ ಮಧ್ಯಂತರ ವರದಿ ಭಾಗವಾದ ಎಎಸ್‌ಸಿ 270ರಲ್ಲಿದೆ. ಮಧ್ಯಂತರ ಅವಧಿಯನ್ನು ವಾರ್ಷಿಕ ಅವಧಿಯ ಅವಿಭಾಜ್ಯ ತುಣುಕಾಗಿ ನೋಡುವ ಪದ್ಧತಿ ಅದು. ಯೋಜಿತವಾಗಿದ್ದು, ವರ್ಷಾಂತ್ಯದೊಳಗೆ ಹೀರಿಕೆಯಾಗುತ್ತದೆಂದು ನಿರೀಕ್ಷಿಸಿದ ಪರಿಮಾಣದ ವ್ಯತ್ಯಾಸವನ್ನು ಅಲ್ಲಿ ಸಾಮಾನ್ಯವಾಗಿ ಮುಂದೂಡುತ್ತಾರೆ. ಯೋಜಿಸದೆ ಬಂದದ್ದನ್ನು ಮುಂದೂಡುವುದಿಲ್ಲ. ನಾನು ಎರಡೂ ಪುಸ್ತಕ ಇಟ್ಟುಕೊಂಡಿರುವುದರಿಂದ ಪ್ರತಿ ಕ್ವಾರ್ಟರ್‌ಗೂ ಈ ಒಂದು ಹೊಂದಾಣಿಕೆ ಎಂಟ್ರಿ ಇದ್ದೇ ಇರುತ್ತದೆ. ಐಎಫ್‌ಆರ್‌ಎಸ್ ವರದಿಗೆ ಅದನ್ನು ತರಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು, ಸರ್. ಮ್ಯಾನೇಜರ್ ಈ ಹಿಂದೆ ಅಂಥ ಕಂಪನಿಯಲ್ಲೇ ಇದ್ದವರು. ಲೈನಿಂಗ್ ವಿಷಯ ಬಾಕಿ ಇದೆ. ತೆರಿಗೆಯನ್ನೂ ಕೇಳಿಬಿಡುತ್ತೇನೆ: ಈ ಕ್ವಾರ್ಟರ್ ಒಂದನ್ನೇ ತೆಗೆದರೆ ನಷ್ಟ. ಹಾಗಾದರೆ ತೆರಿಗೆ ಸೊನ್ನೆಯೇ?

ಉತ್ತರ 1 (ಕಾರ್ಖಾನೆ ಆಡಿಟ್ ಮಾಡುವವ)

ಲೈನಿಂಗ್‌ಗೆ ಪ್ರೊವಿಷನ್ ಬೇಕಿರಲಿಲ್ಲ. ಪ್ರೊವಿಷನ್ ಕುರಿತ ಮಾನದಂಡವಾದ ಐಎಎಸ್ 37ರ ಉದಾಹರಣೆಗಳಲ್ಲಿ ನಿಮ್ಮದೇ ಪರಿಸ್ಥಿತಿ ಇದೆ: ಐದು ವರ್ಷಕ್ಕೊಮ್ಮೆ ಲೈನಿಂಗ್ ಬದಲಾಯಿಸಬೇಕಾದ ಫರ್ನೇಸ್, ಮೂರು ವರ್ಷ ಓಡಿದೆ. ಅಲ್ಲಿ ಉತ್ತರ, ಪ್ರೊವಿಷನ್ ಇಲ್ಲ. ಫರ್ನೇಸನ್ನು ನಿಲ್ಲಿಸುವುದೂ ಓಡಿಸುವುದೂ ಕಂಪನಿಯ ಕೈಯಲ್ಲೇ ಇರುವಾಗ ಬಾಧ್ಯತೆ ಹುಟ್ಟಿಲ್ಲ. ಯೋಜಿತ ರಿಪೇರಿಯನ್ನು ಮೊದಲೇ ಖರ್ಚು ಹಾಕಬಾರದೆಂದು ಐಎಎಸ್ 34ರ ಬಿ2 ಕೂಡ ಹೇಳುತ್ತದೆ.

ಹಾಗೆಂದು 36 ಲಕ್ಷ ಪೂರ್ತಿ ಈ ಕ್ವಾರ್ಟರ್ ಮೇಲೆ ಬೀಳುವುದೂ ಇಲ್ಲ. ಕಟ್ಟಡ, ಯಂತ್ರಗಳಂಥ ಆಸ್ತಿಗಳ ಮಾನದಂಡವಾದ ಐಎಎಸ್ 16ರಲ್ಲಿ ಲೈನಿಂಗ್ ಬದಲಾವಣೆ ಹೆಸರು ಹಿಡಿದೇ ಬರುತ್ತದೆ. ಹೊಸ ಲೈನಿಂಗ್ ಪ್ರತ್ಯೇಕ ಆಸ್ತಿ ಭಾಗ. ಮೂರು ವರ್ಷ ಬಾಳುತ್ತದೆಂದು ಎಂಜಿನಿಯರ್ ಬರೆದುಕೊಟ್ಟರೆ, ಬಳಕೆಗೆ ಸಿದ್ಧವಾದಾಗಿನಿಂದ ತಿಂಗಳಿಗೆ 1 ಲಕ್ಷ ಸವಕಳಿ. ಆಸ್ತಿ ರಿಜಿಸ್ಟರಿನಲ್ಲಿ ಹಳೇ ಲೈನಿಂಗ್‌ನ ಉಳಿದ ಮೌಲ್ಯವೇನಾದರೂ ಇದ್ದರೆ ಅದನ್ನು ತೆಗೆದುಹಾಕಿ. ಇದನ್ನು ಬಹಳ ಜನ ಮರೆಯುತ್ತಾರೆ, ಕಿತ್ತು ಎಸೆದ ಲೈನಿಂಗ್ ರಿಜಿಸ್ಟರಿನಲ್ಲಿ ವರ್ಷಗಟ್ಟಲೆ ಇರುವುದನ್ನು ನೋಡಿದ್ದೇನೆ.

ತೆರಿಗೆ ಮಾತ್ರ ಬೇರೆ ಥರ. ಅದನ್ನು ಇಡೀ ವರ್ಷದ ಆದಾಯದ ಮೇಲೆ ನಿರ್ಧರಿಸುವುದರಿಂದ, ಐಎಎಸ್ 34ರ 30ನೇ ಪ್ಯಾರಾ ಪ್ರಕಾರ ವರ್ಷಕ್ಕೆ ನಿರೀಕ್ಷಿಸುವ ಸರಾಸರಿ ದರವನ್ನು ಅಂದಾಜಿಸಿ ಮಧ್ಯಂತರ ಲಾಭಕ್ಕೆ ಹಾಕಬೇಕು. ದರ 25 ಶೇಕಡಾ ಎಂದು ಬಂದು, ಈ ಕ್ವಾರ್ಟರ್ 8 ಲಕ್ಷ ನಷ್ಟದಲ್ಲಿದ್ದರೆ, 2 ಲಕ್ಷ ತೆರಿಗೆ ಜಮೆ ಆಗುತ್ತದೆ. ಅಂದಾಜು ಬದಲಾದರೆ ಮುಂದಿನ ಕ್ವಾರ್ಟರ್‌ನಲ್ಲಿ ವರ್ಷಾರಂಭದಿಂದ ಸರಿಪಡಿಸಿ.

ಇನ್ನೊಂದು, ನೀವು ಕೇಳಿಲ್ಲ, ಆದರೂ ನೋಡಿಕೊಳ್ಳಿ. ಮೊದಲ ಕ್ವಾರ್ಟರ್‌ನಲ್ಲಿ ಮಾರುಕಟ್ಟೆ ಬೆಲೆ ಕುಸಿದು ಸ್ಟಾಕನ್ನು ಇಳಿಸಿ ಬರೆದಿದ್ದು, ಈಗ ಬೆಲೆ ಚೇತರಿಸಿದ್ದರೆ ಅದನ್ನು ವಾಪಸ್ ತರಬೇಕು. ಗುಡ್‌ವಿಲ್ (ಬೇರೆ ಕಂಪನಿ ಕೊಂಡಾಗ ಅದರ ನಿವ್ವಳ ಆಸ್ತಿಗಿಂತ ಹೆಚ್ಚಾಗಿ ಕೊಟ್ಟ ಮೊತ್ತ) ಮಾತ್ರ ಹಾಗಲ್ಲ. ಒಮ್ಮೆ ಮಧ್ಯಂತರದಲ್ಲಿ ಇಳಿಸಿದರೆ ಮೇಲೇರಿಸುವಂತಿಲ್ಲ, ಐಎಫ್‌ಆರ್‌ಐಸಿ 10 ಎಂಬ ಅಧಿಕೃತ ವ್ಯಾಖ್ಯಾನ ಅದಕ್ಕೆಂದೇ ಬಂದದ್ದು.

ಪ್ರಶ್ನೆ ಕೇಳಿದವರು

ಸರ್, ಮ್ಯಾನೇಜರ್ ಜೊತೆ ಕೂತು ಮಾತಾಡಿದೆ, ಅಂಕಿ ಒಪ್ಪಿದರು. ಆದರೆ "ಇದನ್ನು ಓದಿದವರು ಕಂಪನಿಗೆ ಆರ್ಡರ್ ಇಲ್ಲ ಅಂದುಕೊಳ್ಳುತ್ತಾರೆ" ಎಂಬುದೇ ಅವರ ಚಿಂತೆ.

ಉತ್ತರ 1 (ಕಾರ್ಖಾನೆ ಆಡಿಟ್ ಮಾಡುವವ)

ಆ ಚಿಂತೆ ನ್ಯಾಯವಾದದ್ದೇ. ಅದಕ್ಕೆ ಟಿಪ್ಪಣಿ ಇದೆ, ಅಂಕಿ ಮುಟ್ಟಬೇಕಿಲ್ಲ. ಋತುಮಾನದ ಏರಿಳಿತದ ಬಗ್ಗೆ ವಿವರಣೆ ಕೊಡಬೇಕೆಂದು 16ಎ ಪ್ಯಾರಾ ತಾನೇ ಕೇಳುತ್ತದೆ. ಹೀಗೆ ಬರೆಯಿರಿ: "ಪ್ರತಿ ವರ್ಷ ಎರಡನೇ ಕ್ವಾರ್ಟರ್‌ನಲ್ಲಿ ಮುಖ್ಯ ಫರ್ನೇಸನ್ನು ಯೋಜಿತ ರಿಪೇರಿಗೆ ನಿಲ್ಲಿಸಲಾಗುತ್ತದೆ. ಈ ವರ್ಷ ಲೈನಿಂಗ್ ಬದಲಾವಣೆಯೂ ನಡೆದಿದ್ದರಿಂದ ಉತ್ಪಾದನೆ 12,000ದಿಂದ 7,500ಕ್ಕೆ ಇಳಿಯಿತು. ಹೀರಿಕೆಯಾಗದ ಸ್ಥಿರ ಓವರ್‌ಹೆಡ್ 22.5 ಲಕ್ಷವನ್ನು ಈ ಅವಧಿಯ ವೆಚ್ಚವಾಗಿ ತೋರಿಸಲಾಗಿದೆ." ಪಕ್ಕದಲ್ಲಿ ಕಳೆದ ವರ್ಷದ ಇದೇ ಕ್ವಾರ್ಟರ್‌ನ ಉತ್ಪಾದನೆಯನ್ನೂ ಕೊಡಿ. ಆಗಲೂ ಫರ್ನೇಸ್ ನಿಂತಿತ್ತಲ್ಲ, ಹೋಲಿಸಿ ನೋಡುವವರಿಗೆ ಅರ್ಥವಾಗುತ್ತದೆ. ಮುಂದಿನ ಕ್ವಾರ್ಟರ್‌ನ 14,000ದ ಮಾತು ಮಾತ್ರ ಈ ಟಿಪ್ಪಣಿಯಲ್ಲಿ ಬೇಡ.